ನಮ್ಮ ದೂಳಿನ ಲೆಕ್ಕ ನಮಗೆ ಓದಲು ಬರಬೇಕು

ಗಿಣಿಗೇರಿ, ಹಿರೇಬಗನಾಳ, ಕುಣಿಕೇರಿಯ ಹೆಣ್ಣುಮಕ್ಕಳು ಬೆಳಿಗ್ಗೆ ಅಂಗಳ ಗುಡಿಸಿದರೆ ಕಸಬರಿಗೆಗೆ ಹತ್ತುವುದು ಕರಿ ದೂಳು. ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಯ ಮೇಲೆ ಅದೇ ಕರಿ, ದನದ ಮೇವಿನ ಮೇಲೆ ಅದೇ ಕರಿ, ಹೊಲದ ಬೆಳೆಯ ಮೇಲೂ ಅದೇ. ಕೊಪ್ಪಳದ ಸುತ್ತ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳು ಎದ್ದಾಗಿನಿಂದ ಈ ಊರುಗಳ ಜನ ಕೆಮ್ಮುತ್ತ, ಅರ್ಜಿ ಬರೆಸುತ್ತ, ಧರಣಿ ಕೂಡುತ್ತ ಬಂದಿದ್ದಾರೆ. ಮೇಜಿನ ಆಚೆ ಕೂತವರು "ಎಲ್ಲಾ ಮಿತಿಯೊಳಗೆ ಅದ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಯಾವ ಮಿತಿ? ಅಳೆದವರು ಯಾರು? ಯಂತ್ರ ಎಲ್ಲಿ ಇಟ್ಟಿದ್ದರು? ಹಗಲು ಅಳೆದರೋ ರಾತ್ರಿ ಅಳೆದರೋ? ಅಳೆಯಲು ದುಡ್ಡು ಕೊಟ್ಟವರು ಯಾರು? ಈ ಐದು ಪ್ರಶ್ನೆ ಕೇಳುವ ವಿದ್ಯೆಯನ್ನು ಕೊಡಬೇಕಾದವರು ಕೊಡಲಿಲ್ಲ. ಕಲಿತ ಕೆಲವರು ಧರಣಿಯ ಪೆಂಡಾಲಿನಲ್ಲಿ ಕೂತು ತಾವೇ ಕಲಿತರು.

ಕಾರ್ಖಾನೆಯ ಮೇಲೆ ಸಿಟ್ಟು ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಇಲ್ಲಿ ಬರೆಯುತ್ತಿರುವ ಸಿಟ್ಟು ಬೇರೆಯವರ ಮೇಲಿನದು. ಅದು ನಮ್ಮ ವಿಶ್ವವಿದ್ಯಾಲಯಗಳ ಮೇಲೆ, ಅವುಗಳ ಗ್ರಂಥಾಲಯಗಳ ಮೇಲೆ, ಜ್ಞಾನವನ್ನು ಗುರುತಿನ ಚೀಟಿ ಇದ್ದವರ ಸ್ವತ್ತು ಮಾಡಿಕೊಂಡ ವ್ಯವಸ್ಥೆಯ ಮೇಲೆ. ವಿಜ್ಞಾನದ ಮಾಹಿತಿಯನ್ನು ಹುಡುಕುವ, ಓದುವ, ಪರೀಕ್ಷಿಸುವ ವಿದ್ಯೆ ಕುಷ್ಟಗಿಯ ಕೂಲಿಕಾರಳಿಗೆ, ಯಲಬುರ್ಗಾದ ರೈತನಿಗೆ, ಗಂಗಾವತಿಯ ಗದ್ದೆಯಲ್ಲಿ ಎಣ್ಣಿ (ಕೀಟನಾಶಕ) ಹೊಡೆಯುವ ಹುಡುಗನಿಗೆ ವಿಶ್ವವಿದ್ಯಾಲಯ ಕೊಡಬೇಕಾದ ಬಾಕಿ. ಬಾಕಿ ಕೇಳಲು ಬಂದವರು ಕೈಮುಗಿದು ನಿಲ್ಲಬೇಕಾಗಿಲ್ಲ.

ಮೊದಲು ಕಾನೂನನ್ನೇ ನೋಡಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಕಾರ್ಖಾನೆ ಬರುವ ಮುಂಚೆ ಸಾರ್ವಜನಿಕ ಆಲಿಕೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನ ಮೊದಲು ಜನರಿಗೆ ತಿಳಿಸಬೇಕು. ಪರಿಸರ ಪರಿಣಾಮದ ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಇಡಬೇಕು. ಆ ವರದಿಯನ್ನು ತಯಾರಿಸುವ ಸಲಹೆಗಾರರಿಗೆ ಹಣ ಕೊಡುವುದು ಕಾರ್ಖಾನೆ ಕಟ್ಟಲು ಹೊರಟ ಕಂಪನಿಯೇ. ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕಾದದ್ದು ಸಾರಾಂಶ ಮಾತ್ರ. ನೂರಾರು ಪುಟದ ಕೋಷ್ಟಕ, ಗಾಳಿಯ ದಿಕ್ಕಿನ ನಕ್ಷೆ, ನೀರಿನ ಮಾದರಿಯ ಫಲಿತಾಂಶ, ಹೊಗೆ ಎಷ್ಟು ದೂರ ಹೋಗಿ ಬೀಳುತ್ತದೆ ಎನ್ನುವ ಲೆಕ್ಕ ಇಂಗ್ಲಿಷಿನಲ್ಲೇ ಉಳಿಯುತ್ತವೆ. ಮೂವತ್ತು ದಿನದಲ್ಲಿ ಅದನ್ನು ಓದಿ, ತಪ್ಪು ಹುಡುಕಿ, ಮೈಕಿನ ಮುಂದೆ ನಿಂತು ಮಾತಾಡು ಅಂತ ಹಳ್ಳಿಯವನಿಗೆ ಹೇಳುತ್ತಾರೆ. ಅವನು ಹೊಟ್ಟೆಯ ಸಂಕಟ ಹೇಳಿಕೊಂಡರೆ "ತಾಂತ್ರಿಕ ಆಕ್ಷೇಪಣೆ ಏನೂ ಬಂದಿಲ್ಲ" ಎಂದು ಬರೆದುಕೊಳ್ಳುವುದಕ್ಕೆ ದಾರಿ ಆಗುತ್ತದೆ.

ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕೊಪಣ ನಗರದ ಹೆಸರು ಹೇಳುತ್ತದೆ. ಅದೇ ಕೊಪ್ಪಳ. ಇಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಆಳುವವನು ತನ್ನ ಮಾತನ್ನು ಬಯಲಿನ ಬಂಡೆಯ ಮೇಲೆ ಕೆತ್ತಿಸಿ ಎರಡು ಸಾವಿರ ವರ್ಷ ದಾಟಿದ ಊರು ಇದು. ಇಂಥ ಊರಿನ ಜನರ ಉಸಿರಿನ ಬಗ್ಗೆ ಬರೆದ ಕಾಗದ ಅವರಿಗೇ ಅರ್ಥವಾಗದ ಭಾಷೆಯಲ್ಲಿ ಕಪಾಟಿನಲ್ಲಿ ಕೂತಿದೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮದ ಹೊಸ ಕರಡು ಅಧಿಸೂಚನೆ ತಂದಾಗ ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಬೇಕಾಯಿತು. ಜನರ ಅಭಿಪ್ರಾಯ ಕೇಳುವವರಿಗೆ ಜನರ ಭಾಷೆ ನೆನಪಾಗಲು ನ್ಯಾಯಾಲಯ ಬೇಕಾಯಿತು!

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಬಲ್ಡೋಟ ಕಂಪನಿಯ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡ ಎಂದು ಜಾತಿ, ಪಕ್ಷ ಮರೆತು ಜನ ಬೀದಿಗಿಳಿದರು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಜನರ ಜೊತೆ ನಿಂತು ಮಾತಾಡಿದರು. ಅರಸಿನಕೇರಿಯ ಬಳಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿಯೂ ಅದೇ ಹೊತ್ತಿಗೆ ಹಬ್ಬಿತ್ತು. ಒಂದು ಜಿಲ್ಲೆಯ ಮುಂದೆ ಉಕ್ಕು, ಅಣು, ದೂಳು, ಕ್ಯಾನ್ಸರ್, ಉದ್ಯೋಗ ಎಂಬ ಮಾತುಗಳೆಲ್ಲ ಒಟ್ಟಿಗೆ ಬಂದು ನಿಂತವು. ಕಂಪನಿಗಳ ಹತ್ತಿರ ತಜ್ಞರಿದ್ದಾರೆ, ಸರ್ಕಾರದ ಹತ್ತಿರ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಜನರ ಹತ್ತಿರ ಏನಿದೆ? ಜನರ ತೆರಿಗೆಯಲ್ಲಿ ಕಟ್ಟಿದ ವಿಶ್ವವಿದ್ಯಾಲಯ ಜನರ ಪಕ್ಕದಲ್ಲಿ ಕೂತು ಆ ವರದಿಯನ್ನು ಸಾಲು ಸಾಲಾಗಿ ಓದಿಸಬೇಕಾದ ಗಳಿಗೆ ಇದೇ ಅಲ್ಲವೇ?

ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ. 1976ರಲ್ಲಿ ಸೇರಿದ ಮಾತು ಇದು. ಕರ್ತವ್ಯವನ್ನು ಪ್ರಜೆಯ ತಲೆಗೆ ಕಟ್ಟಿದವರು ಸಾಧನವನ್ನು ಮಾತ್ರ ಗೋಡೆಯೊಳಗೆ ಇಟ್ಟುಕೊಂಡರು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶನ ಸಂಸ್ಥೆಗಳು, ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಅದು ತೆರೆದಿದೆ. ಅವರಿಗೆ ಸಿಗಲಿ, ಅದು ಆಗಬೇಕಾದದ್ದೇ. ಆದರೆ ಆ 6,000 ಕೋಟಿಯಲ್ಲಿ ಬೆಂಕಿಪೊಟ್ಟಣ ಕೊಳ್ಳುವಾಗ ತೆರಿಗೆ ಕಟ್ಟಿದ ಯಲಬುರ್ಗಾದ ಮುದುಕಿಯ ಪಾಲೂ ಇದೆ. ಅವಳ ಮೊಣಕಾಲು ಏಕೆ ಬಗ್ಗುವುದಿಲ್ಲ ಎಂದು ಬರೆದ ಲೇಖನ ಅವಳಿಗೆ ಸಿಗುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಸಾಮಾನ್ಯರಿಗೂ ಕೊಡುವ ಮಾತನ್ನು ಯೋಜನೆಯ ಕೊನೆಯ ಹಂತಕ್ಕೆ ಇಟ್ಟಿದ್ದಾರೆ. ಈ ದೇಶದಲ್ಲಿ ಬಡವರ ಸರದಿ ಯಾವತ್ತೂ ಕೊನೆಯ ಹಂತದಲ್ಲೇ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಆ ಮೊಣಕಾಲಿನ ಹಿಂದೆ ಇರುವ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ನೀರಿನ ಕತೆ ಹೇಳುತ್ತೇನೆ, ಕೇಳಿ. ಗಟ್ಟಿ ಕಲ್ಲಿನ ನೆಲ, ಆಳಕ್ಕೆ ಕೊರೆದ ಬೋರ್‌ವೆಲ್, ನೀರಿನಲ್ಲಿ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5 ಕೊನೆಯ ಗೆರೆ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಬೆನ್ನು ಬಾಗುತ್ತದೆ, ಕೀಲು ಬಿಗಿಯುತ್ತದೆ. 2023ರ ಜೂನ್‌ನಲ್ಲಿ ಇದೇ ಜಿಲ್ಲೆಯ ಕನಕಗಿರಿ ತಾಲೂಕಿನ ಬಸರಿಹಾಳದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ನರಳಿದರು, ಸಾವುಗಳೂ ಆದವು. ಅದು ಬೇರೆ ರೋಗ, ಅಲ್ಲಿ ಶತ್ರು ಕ್ರಿಮಿ. ಕ್ರಿಮಿ ಇರುವ ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ನೀರು ಆವಿಯಾಗಿ ಹೋಗಿ ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ. "ನೀರು ಕಾಯಿಸಿ ಕುಡೀರಿ" ಎಂಬ ಒಂದೇ ಮಾತು ಬಸರಿಹಾಳದ ತಾಯಿಯ ಮಗುವನ್ನು ಉಳಿಸಬಹುದು. ಫ್ಲೋರೈಡ್ ಇರುವ ಊರಿನ ತಾಯಿಗೆ ಅದೇ ಮಾತು ಸುಳ್ಳು ಧೈರ್ಯ ಕೊಡುತ್ತದೆ. ಈ ವ್ಯತ್ಯಾಸ ಹೇಳಿಕೊಡಲು ಎಷ್ಟು ಹೊತ್ತು ಬೇಕು? ಒಂದು ಸಂಜೆ ಸಾಕು. ಆ ಒಂದು ಸಂಜೆಯನ್ನು ಕೊಡಲು ಎಷ್ಟು ದಶಕ ಬೇಕು?

ಶುದ್ಧ ನೀರಿನ ಘಟಕದ ಮುಂದೆ ನಿಂತು ನೋಡಿ. ಟಿಡಿಎಸ್ ಮೀಟರ್ ಅದ್ದಿ "ನೀರು ಚೊಲೊ ಅದ" ಅಂದರೆ ಎಲ್ಲರೂ ಕೊಡ ತುಂಬಿಕೊಂಡು ಹೋಗುತ್ತಾರೆ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಆ ಮೀಟರ್ ಹೇಳಲಾರದು, ಕ್ರಿಮಿ ಇದೆಯೋ ಇಲ್ಲವೋ ಎಂದೂ ಹೇಳಲಾರದು. ಜಲಜೀವನ ಮಿಷನ್ ಪ್ರತಿ ಊರಿನಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಬಣ್ಣ ನೋಡಿ ಅಂಕಿ ಬರೆಯುವುದನ್ನು ಕಲಿಸಿ ಅಲ್ಲಿಗೇ ಬಿಟ್ಟರೆ ಆ ಹೆಣ್ಣುಮಗಳನ್ನು ಕೂಲಿಯಾಳು ಮಾಡಿದಂತೆ. ಆ ಅಂಕಿಯ ಅರ್ಥ ಏನು, ಹೋದ ವರ್ಷ ಎಷ್ಟಿತ್ತು, ಪಕ್ಕದ ಓಣಿಯ ಬೋರ್‌ವೆಲ್‌ನಲ್ಲಿ ಎಷ್ಟಿದೆ, ಪ್ರಯೋಗಾಲಯದ ವರದಿಯನ್ನು ಯಾರಿಂದ ಕೇಳಬೇಕು, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಹೇಗೆ ಬರೆಯಬೇಕು ಎಂಬುದನ್ನು ಕಲಿಸಿದಾಗ ಅವಳು ಆ ಊರಿನ ವಿಜ್ಞಾನಿ ಆಗುತ್ತಾಳೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(4) ಕಲಮು ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು ಅಧಿಕಾರಿಗಳಿಗೆ ಸ್ಪಷ್ಟವಾಗಿ ಹೇಳಿದೆ. ಅವಳಿಗೆ ಆ ಕಲಮಿನ ನಂಬರೂ ಗೊತ್ತಿರಬೇಕು.

ಇನ್ನೊಂದು ಕೋಪ ಇದೆ. ನಮ್ಮ ಬೋರ್‌ವೆಲ್‌ಗಳಿಂದ ಬಾಟಲಿ ತುಂಬಿಕೊಂಡು ಹೋದವರು, ನಮ್ಮ ಮಕ್ಕಳ ಹಲ್ಲು ಎಣಿಸಿದವರು, ನಮ್ಮ ಹೊಲದ ಮಣ್ಣು ಕಟ್ಟಿಕೊಂಡು ಹೋದವರು ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದಾರೆ. ಆ ಪ್ರಬಂಧ ವಿಶ್ವವಿದ್ಯಾಲಯದ ಕಪಾಟು ಸೇರುತ್ತದೆ, ಇಂಗ್ಲಿಷ್ ಪತ್ರಿಕೆ ಸೇರುತ್ತದೆ. ಬಾಟಲಿ ತುಂಬಿಕೊಟ್ಟ ಓಣಿಗೆ ಅದರ ಫಲಿತಾಂಶ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಒಬ್ಬರ ಮೈಯಿಂದ ತೆಗೆದ ಸತ್ಯವನ್ನು ಅವರಿಗೆ ಹೇಳದೆ ಇಟ್ಟುಕೊಳ್ಳುವುದು ಕಳವು. ಇದಕ್ಕೆ ಮೃದುವಾದ ಹೆಸರು ಹುಡುಕುವ ಅಗತ್ಯ ನನಗಿಲ್ಲ.

ಗಂಗಾವತಿಗೆ ಬನ್ನಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸೋನಾಮಸೂರಿ ಅಕ್ಕಿ, ಸಾಲು ಸಾಲು ರೈಸ್‌ಮಿಲ್ಲು. ಅಲ್ಲಿ ಬೆಳೆಗೆ ಹುಳ ಬಿದ್ದರೆ ವೈದ್ಯ ಯಾರು? ಗೊಬ್ಬರದ ಅಂಗಡಿಯವನು. ಅವನು ಕೊಟ್ಟದ್ದು ಎಣ್ಣಿ, ಹೇಳಿದ್ದು ಪ್ರಮಾಣ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಕೆಂಪು ಎಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಒಳಗಿನ ಚೀಟಿಯಲ್ಲಿ ಯಾವ ಬೆಳೆಗೆ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಮೈಗೆ ಬಿದ್ದರೆ ಏನು ಮಾಡಬೇಕು, ವಿಷಕ್ಕೆ ಮದ್ದು ಯಾವುದು ಎಂದೆಲ್ಲ ಇರುತ್ತದೆ, ಇರುವೆ ಗಾತ್ರದ ಅಕ್ಷರದಲ್ಲಿ. ಆ ಚೀಟಿ ಗದ್ದೆಯ ಬದುವಿನಲ್ಲಿ ಕೆಸರಾಗಿ ಬಿದ್ದಿರುತ್ತದೆ. ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜು ಇದೆ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಇಷ್ಟು ವಿದ್ಯೆ ಸುತ್ತ ಇದ್ದೂ, ಎಣ್ಣಿ ಹೊಡೆಯುವ ಹುಡುಗ ಬರಿಗೈಯಲ್ಲಿ, ಬಾಯಿಗೆ ಒಂದು ಟವೆಲ್ ಸುತ್ತಿಕೊಂಡು, ಅಂಗಡಿಯವನ ಬಾಯಿಮಾತನ್ನೇ ನಂಬಿ ಗದ್ದೆಗೆ ಇಳಿಯುತ್ತಾನೆ.

"ಓದು ಬಾರದವರಿಗೆ ವಿಜ್ಞಾನ ಹೇಗೆ ಕಲಿಸ್ತೀರಿ?" ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸು, ಹೆಣ್ಣುಮಕ್ಕಳದ್ದು ಶೇ 58ರ ಆಸುಪಾಸು. ಈ ಅಂಕಿಯನ್ನು ಜನರ ಅವಮಾನ ಎಂಬಂತೆ ಹೇಳುವವರು ಅದು ಯಾರ ಅಪರಾಧ ಎಂದು ಹೇಳುವುದಿಲ್ಲ. ಹತ್ತಿ ತೂಗುವಾಗ ತಕ್ಕಡಿಯ ಮೋಸವನ್ನು ಕಣ್ಣಲ್ಲೇ ಹಿಡಿಯುವ ಹೆಣ್ಣುಮಗಳಿಗೆ ಅಂಕಿಯ ಮೋಸ ಹಿಡಿಯಲು ಬರುವುದಿಲ್ಲ ಎನ್ನುವುದು ಸೊಕ್ಕಿನ ಮಾತು. ಉದಾಹರಣೆಗೆ, ಕೇಂದ್ರದ ಮಾನಕದಲ್ಲಿ ಗಾಳಿಯ ಪಿಎಂ 10 ಎಂಬ ಸಣ್ಣ ದೂಳಿನ ಕಣ ದಿನಕ್ಕೆ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ 45. ಎರಡು ಗೆರೆ ಏಕೆ ಇವೆ ಎಂದು ಒಮ್ಮೆ ತಿಳಿದ ಮೇಲೆ "ಮಿತಿಯೊಳಗೆ ಅದ" ಎಂಬ ಮಾತು ಅವಳ ಬಾಯಿ ಮುಚ್ಚಿಸಲಾರದು. "ಯಾವ ಮಿತಿಯೊಳಗೆ ಅದ ರೀ ಸಾಹೇಬ್ರ?" ಎಂದು ಅವಳು ತಿರುಗಿ ಕೇಳುತ್ತಾಳೆ.

ಇದು ಆಗದ ಕೆಲಸ ಎನ್ನುವವರು ಚರಿತ್ರೆ ಓದಲಿ. ಬರೋಡಾದ ಅರಸ ಸಯಾಜಿರಾವ್ ಗಾಯಕವಾಡ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸಿದರು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿ ಸುತ್ತಿತು. ಗ್ರಂಥಾಲಯ ವಿಜ್ಞಾನದ ತಂದೆ ಎಸ್.ಆರ್. ರಂಗನಾಥನ್ ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬ ತಮ್ಮ ಸೂತ್ರಗಳನ್ನು ಪ್ರಕಟಿಸಿದ್ದೂ ಅದೇ ವರ್ಷ. ಅವರು ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. ಮೈಸೂರು ವಿಶ್ವವಿದ್ಯಾಲಯ ಹಳ್ಳಿ ಪಟ್ಟಣಗಳಲ್ಲಿ ಪ್ರಚಾರೋಪನ್ಯಾಸ ಕೊಡಿಸಿ ಸಣ್ಣ ಸಣ್ಣ ಪುಸ್ತಕ ಹಂಚಿತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು ಸೈಲೆಂಟ್ ವ್ಯಾಲಿಯ ಅಣೆಕಟ್ಟಿನ ಲೆಕ್ಕವನ್ನು ಜನರ ಮುಂದೆ ಬಿಚ್ಚಿಟ್ಟಿತು, ಕಾಡು ಉಳಿಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವೇ 1977ರಲ್ಲಿ ಬೋಧನೆ, ಸಂಶೋಧನೆಗಳಷ್ಟೇ ಸಮನಾದ ಮೂರನೇ ಹೊಣೆ ವಿಸ್ತರಣೆ, ಅಂದರೆ ವಿದ್ಯೆಯನ್ನು ಜನರ ಬಳಿಗೆ ಒಯ್ಯುವುದು, ಎಂದು ಒಪ್ಪಿಕೊಂಡಿತು. ಮೂರು ಹೊಣೆಯಲ್ಲಿ ಒಂದನ್ನು ಕೈಬಿಟ್ಟು ಪೂರ್ತಿ ಸಂಬಳ ತೆಗೆದುಕೊಂಡವರನ್ನು ಯಾರು ಕೇಳಬೇಕು?

ಜಾಗ ಇಲ್ಲ ಎನ್ನುವಂತಿಲ್ಲ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಬಾಗಿಲು ತೆರೆಯುವ ಮೇಲ್ವಿಚಾರಕರಿದ್ದಾರೆ. 1965ರ ಗ್ರಂಥಾಲಯ ಕಾಯ್ದೆಯಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಿದ್ದೇವೆ. ಸಂವಿಧಾನದ 371ಜೆ ವಿಧಿ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಘೋಷಣೆ ಆಗುತ್ತದೆ. ರಸ್ತೆ, ಕಟ್ಟಡ, ಕಮಾನು ಏಳುತ್ತವೆ. ಆ ಹಣದಲ್ಲಿ ಜನರ ತಿಳುವಳಿಕೆಗೆ ಒಂದು ಸಾಲು ಏಕೆ ಇರಬಾರದು?

ಜಾತಿಯ ಮಾತು ಬಿಟ್ಟು ಈ ಮಾತು ಪೂರ್ಣ ಆಗದು. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕೂಸೊಂದು ಗುಡಿಯೊಳಗೆ ಓಡಿತು ಎಂದು ತಂದೆತಾಯಿಗೆ ದಂಡ ಹಾಕಿದರು. 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಗೆ ನುಗ್ಗಿ ಮನೆಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇಂಥ ಜಿಲ್ಲೆಯಲ್ಲಿ ಗ್ರಂಥಾಲಯವನ್ನು ಎಲ್ಲಿ ಕಟ್ಟುತ್ತೀರಿ ಎಂಬುದು ರಾಜಕೀಯ ಪ್ರಶ್ನೆ. ಗುಡಿ ಪಕ್ಕದ ಕಟ್ಟೆಯ ಮೇಲೆ ಕಟ್ಟಿ "ಎಲ್ಲರಿಗೂ ತೆರೆದಿದೆ" ಎಂದು ಹಲಗೆ ಹಾಕಿದರೆ ಕೇರಿಯ ಹೆಣ್ಣುಮಗಳು ಬರುತ್ತಾಳೆಯೇ? ಫ್ಲೋರೈಡಿಗೆ ಜಾತಿ ಇಲ್ಲ, ಆದರೆ ಒಳ್ಳೆಯ ನೀರಿನ ನಲ್ಲಿಗೆ ಜಾತಿ ಇದೆ, ಮಾಹಿತಿಯ ಬಾಗಿಲಿಗೂ ಜಾತಿ ಇದೆ. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರರು ಕೆರೆಯ ನೀರು ಮುಟ್ಟಿದರು. ಅದೇ ಅಂಬೇಡ್ಕರರು ಮುಂಬೈಯ ತಮ್ಮ ಮನೆಯನ್ನೇ ಪುಸ್ತಕ ಇಡಲೆಂದು ಕಟ್ಟಿಸಿದರು. ನೀರಿನ ಹಕ್ಕು, ಅಕ್ಷರದ ಹಕ್ಕು ಎರಡನ್ನೂ ಒಂದೇ ಹೋರಾಟ ಎಂದು ತಿಳಿದವರ ಮಕ್ಕಳು ನಾವು.

2023ರಲ್ಲಿ ಕೊಪ್ಪಳಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂತು, ಕುಕನೂರು ತಾಲೂಕಿನ ತಳಕಲ್‌ನಲ್ಲಿ. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಹಣ ಇಲ್ಲ ಎಂದು ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಹೊರಟ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಆ ಪಟ್ಟಿಯನ್ನು ನಾನು ವಿರೋಧಿಸುತ್ತೇನೆ. ಹಿಂದುಳಿದ ಜಿಲ್ಲೆಯ ಮಕ್ಕಳ ವಿದ್ಯೆಯನ್ನು ಲಾಭ ನಷ್ಟದ ಪುಸ್ತಕದಲ್ಲಿ ಬರೆಯುವವರಿಗೆ ನಾಚಿಕೆಯಾಗಬೇಕು. ವಿಶ್ವವಿದ್ಯಾಲಯದವರಿಗೂ ಒಂದು ಮಾತು. ನಿಮ್ಮನ್ನು ಮುಚ್ಚಲು ಬಂದಾಗ ಬೀದಿಗೆ ಬರುವವರು ಯಾರು? ನಿಮ್ಮ ಗ್ರಂಥಾಲಯದಿಂದ ನೀರಿನ ವರದಿ ಓದಲು ಕಲಿತ ಹಳ್ಳಿಯವರು ನಿಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವರಿಗೆ ನಿಮ್ಮ ಹೆಸರೇ ಗೊತ್ತಿಲ್ಲದಿದ್ದರೆ ನಿಮ್ಮ ಬೀಗದ ಸದ್ದೂ ಅವರಿಗೆ ಕೇಳಿಸುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಇಲ್ಲಿ ಬರೆದಿಡುತ್ತೇನೆ. ಜಿಲ್ಲೆಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಗ್ರಂಥಪಾಲಕರು ವಾರಕ್ಕೆ ಒಂದು ಸಂಜೆ ಅರಿವು ಕೇಂದ್ರಗಳಲ್ಲಿ ಕೂರಬೇಕು, ಕೇರಿಯಿಂದಲೇ ಶುರು ಮಾಡಬೇಕು, ಕೂಲಿ ಮುಗಿದ ಹೊತ್ತಿಗೆ ಕೂರಬೇಕು. ಮೊದಲ ಪಾಠ ಆ ಊರಿನದೇ ನೀರಿನ ವರದಿ ಆಗಲಿ. ಎರಡನೆಯದು ಎಣ್ಣಿ ಡಬ್ಬಿಯ ಚೀಟಿ. ಮೂರನೆಯದು ವಾಟ್ಸ್ಆ್ಯಪಿನಲ್ಲಿ ಬಂದ ಔಷಧದ ಸುದ್ದಿ ಸುಳ್ಳೋ ನಿಜವೋ ಎಂದು ಹುಡುಕುವ ದಾರಿ. ನಾಲ್ಕನೆಯದು ಕಾರ್ಖಾನೆಯ ಪರಿಸರ ವರದಿ, ಪೂರ್ತಿ, ಕನ್ನಡದಲ್ಲಿ. ಈ ಜಿಲ್ಲೆಯ ನೀರು, ಮಣ್ಣು, ರಕ್ತ ತೆಗೆದುಕೊಂಡು ಬರೆದ ಪ್ರತಿ ಪ್ರಬಂಧದ ಜೊತೆ ಆ ಊರಿಗೆ ಒಂದು ಪುಟದ ಕನ್ನಡ ವರದಿ ತಲುಪಿದ ಮೇಲೆಯೇ ಪದವಿ ಕೊಡಬೇಕು. ಸಾರ್ವಜನಿಕ ಆಲಿಕೆಯ ನೋಟಿಸು ಬಂದ ಮರುದಿನವೇ ವಿಶ್ವವಿದ್ಯಾಲಯ ಆ ಊರಿನಲ್ಲಿ ಓದಿನ ಸಭೆ ಕರೆಯಬೇಕು. ಗುಳೆ ಹೋಗುವ ಕುಟುಂಬಗಳಿಗೆ ಊರಿಗೆ ಮರಳುವ ತಿಂಗಳಲ್ಲಿ ಬೇರೆ ಸಭೆ ಇಡಬೇಕು.

ಕೊಡದಿದ್ದರೆ? ನಾವು ಬರುತ್ತೇವೆ. ಹಿರೇಬಗನಾಳದ ಕರಿ ದೂಳನ್ನು ಕಾಗದದಲ್ಲಿ ಕಟ್ಟಿಕೊಂಡು, ಕುಷ್ಟಗಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಗಂಗಾವತಿಯ ಎಣ್ಣಿ ಡಬ್ಬಿ ಹಿಡಿದುಕೊಂಡು ನಿಮ್ಮ ಗ್ರಂಥಾಲಯದ ಒಳಗೆ ಬಂದು ಓದುವ ಮೇಜಿನ ಮುಂದೆ ಕೂರುತ್ತೇವೆ. ಗುರುತಿನ ಚೀಟಿ ಕೇಳಿದರೆ ನಮ್ಮ ಮಕ್ಕಳ ಹಲ್ಲು ತೋರಿಸುತ್ತೇವೆ. "ಇದರಾಗ ಏನೈತಿ, ಎಷ್ಟೈತಿ, ಯಾರು ಹಾಕಿದ್ರು, ಓದಿ ಹೇಳ್ರಿ, ನಮಗೂ ಓದೋದು ಕಲಸ್ರಿ" ಎಂದು ಕೇಳುತ್ತೇವೆ. ಕಲಿಯುವ ತನಕ ಅಲ್ಲಿಂದ ಏಳುವುದಿಲ್ಲ.